ಕೆಂಪು ಕಾರಿಗೆ ಹಾಕಿದ ತೇಪೆ

ಮನೆ, ಕಿಟಕಿ ಪಕ್ಕದ ಮೇಜು
ಮಾರ್ಚ್ ೯, ಸೋಮವಾರ ಬೆಳಿಗ್ಗೆ

ಪ್ರೀತಿಯ ಮುದ್ದು ಸೊಸೆಗೆ,

ಹೇಗಿದ್ದೀಯಮ್ಮ? ಹೊಸ ಆಸ್ಪತ್ರೆಯ ಕೆಲಸ ಒಗ್ಗಿತೇ? ದಿನವಿಡೀ ನಿಂತೇ ಇರುವವಳು ನೀನು, ಕಾಲುನೋವನ್ನು ಅಸಡ್ಡೆ ಮಾಡಬೇಡ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಮನೆ ಎಷ್ಟು ನಿಶ್ಶಬ್ದವೆಂದರೆ ಫ್ರಿಜ್ಜು ಗುರ್ ಎಂದರೂ ಸಾಕು, "ಏನಪ್ಪಾ?" ಎಂದು ಕೇಳಿಬಿಡುತ್ತೇನೆ. ಒಬ್ಬಳಿಗೇ ಅಡುಗೆ ಮಾಡುವ ಅಳತೆ ಇನ್ನೂ ಕೈಗೆ ಹತ್ತಿಲ್ಲ, ಬೆಳಗಿನದೇ ಸಂಜೆಗೂ.

ಸುದ್ದಿಗೆ ಬರುತ್ತೇನೆ. ನಿನ್ನ ಗಂಡನ ಕೆಂಪು ರಿಮೋಟ್ ಕಾರನ್ನು ಅಟ್ಟದಿಂದ ಇಳಿಸಿದೆ. ಅವನು ತೀರಿಕೊಂಡ ಮೇಲೆ ನಾವಿಬ್ಬರೂ ಅದರತ್ತ ನೋಡದೆ ಓಡಾಡಿದವರೇ ಅಲ್ಲವೇ? ಕೊನೆಯ ರೇಸಿನಲ್ಲಿ ಮುಂದಿನ ಚಕ್ರದ ಮೇಲಿನ ಹೊದಿಕೆಯಲ್ಲಿ ಬಿಟ್ಟ ಬಿರುಕು ಹಾಗೆಯೇ ಇತ್ತು. ಎತ್ತಿಕೊಳ್ಳುವಾಗ ನನ್ನ ಕೈಯಲ್ಲೇ ಇನ್ನಷ್ಟು ಸೀಳಿತು. ಚೀಲದಲ್ಲಿ ಹಾಕಿಕೊಂಡು ನೇರ ರೇಸಿನ ಮೈದಾನಕ್ಕೇ ಹೋದೆ. ಅಲ್ಲಿ ಅವನ ಗೆಳೆಯ ಸಿಕ್ಕ, ದೊಡ್ಡ ಗಂಟಲಿಗೆ ನಾವೆಲ್ಲ 'ಗುಡುಗು' ಎನ್ನುತ್ತಿದ್ದೆವಲ್ಲ, ಅವನೇ. "ಹೊಸ ಬಾಡಿ ತರಿಸಿಬಿಡೋಣ ಅಮ್ಮಾ, ಇದು ತೆಳು ಪ್ಲಾಸ್ಟಿಕ್ಕು, ಬಾಳಲ್ಲ" ಅಂದ. "ಹೊಸದು ಯಾರಿಗೆ ಬೇಕಪ್ಪ? ಇದಕ್ಕೇ ಒಂದು ದಾರಿ ಹೇಳು" ಅಂದೆ.

ಆ ಗುಡುಗು ಮೆತ್ತಗೆ ಪಕ್ಕದಲ್ಲಿ ಕೂತು ಹೇಳಿಕೊಟ್ಟ. ಬಿರುಕು ಎಲ್ಲಿ ಮುಗಿಯುತ್ತದೋ ಅಲ್ಲೊಂದು ಸಣ್ಣ ದುಂಡು ತೂತು ಕೊರೆಯಬೇಕು. ಆಗ ಸೀಳು ಮುಂದೆ ಓಡುವುದಿಲ್ಲ. ನಾವು ಹೊಲಿಗೆಯವರು ಉಡುಪಿನ ಸೀಳಿನ ತುದಿಗೆ ಗಟ್ಟಿ ಹೊಲಿಗೆ ಹಾಕುವುದಿಲ್ಲವೇ, ಹಾಗೆ. ಆಮೇಲೆ ಒಳಗಡೆ ಸ್ಪಿರಿಟ್ಟಿನಿಂದ ಒರೆಸಿ, ಬಲೆಯಂಥ ಪಟ್ಟಿಯನ್ನಿಟ್ಟು, ಅದರ ಮೇಲೆ ಚಪ್ಪಲಿ ಅಂಟಿಸುವ ಗೋಂದು ಬಳಿಯುವುದು. ಮನೆಗೆ ಬಂದು ಮೊದಲ ಸಲ ಮಾಡಿದಾಗ ಆತುರದಲ್ಲಿ ಒರೆಸುವುದನ್ನೇ ಮರೆತೆ. ತೇಪೆ ಗಾಯದ ಹಕ್ಕಳೆಯ ಹಾಗೆ ಎದ್ದು ಬಂತು. ಮತ್ತೆ ಕೂತೆ. ಕಾರನ್ನು ಮಗುಚಿ ಮಡಿಲಲ್ಲಿಟ್ಟುಕೊಂಡಾಗ ಒಳಗೆ ನನ್ನ ಮಗ ಬಳಿದಿದ್ದ ಬಣ್ಣದಲ್ಲಿ ಅವನ ಬೆರಳಿನ ಗುರುತು ಕಂಡಿತು. ಒಣಗುವ ಮೊದಲೇ ಮುಟ್ಟಿದ್ದಾನೆ, ತಾಳ್ಮೆ ಎಲ್ಲಿತ್ತು ಅವನಿಗೆ! ಅದಕ್ಕೆ ಗೋಂದು ತಾಗದಂತೆ ಪಟ್ಟಿಯನ್ನು ಓರೆಯಾಗಿ ಕತ್ತರಿಸಿದೆ. ಕಿಟಕಿಯ ಬಿಸಿಲು ಸರಿಯುವವರೆಗೂ ಅಳುತ್ತ ಕೂತಿದ್ದೆ. ನಿನಗಲ್ಲದೆ ಇನ್ನಾರಿಗೆ ಹೇಳಲಿ?

ನಿನ್ನೆ ಕಾರನ್ನು ಮೈದಾನಕ್ಕೆ ಒಯ್ದು ರಿಮೋಟನ್ನು ಗುಡುಗಿನ ಕೈಗೆ ಕೊಟ್ಟೆ. ಅವನೋ ಬಸುರಿಯನ್ನು ಕೈಹಿಡಿದು ನಡೆಸುವವನ ಹಾಗೆ ಓಡಿಸತೊಡಗಿದ. "ಇದೇನು ಮೆರವಣಿಗೇನಾ? ಬಿಡಪ್ಪ, ಓಡ್ಲಿ" ಎಂದು ಗದರಿದೆ. ಬಿಟ್ಟ ನೋಡು! ತಿರುವಿನಲ್ಲಿ ಹಾರಿ, ಅಂಚಿಗೆ ಜೋಡಿಸಿದ್ದ ಟೈರುಗಳಿಗೆ ಬಡಿದು ಅಂಗಾತ ಬಿತ್ತು. ಸುತ್ತ ನಿಂತಿದ್ದವರೆಲ್ಲ ಓಡಿಬಂದರು. ಗುಡುಗಿನ ಮುಖ ಬಿಳುಚಿಹೋಯಿತು. ಎತ್ತಿ ನೋಡಿದೆ. ತೇಪೆ ಭದ್ರವಾಗಿತ್ತು, ಹಿಂಭಾಗದಲ್ಲಿ ಹೊಸದೊಂದು ಬಿರುಕು. "ಅಳೋ ಮುಖ ಯಾಕೋ? ಈ ವಾರಕ್ಕೆ ಕೆಲಸ ಸಿಕ್ತು ನಂಗೆ" ಅಂದೆ. ಎಲ್ಲರೂ ನಕ್ಕುಬಿಟ್ಟರು. ನಾನೂ ನಕ್ಕೆ. ಮಗ ಹೋದ ಮೇಲೆ ನನ್ನ ನಗು ನನಗೆ ಕೇಳಿಸಿದ್ದು ಅದೇ ಮೊದಲು. ಹೊರಡುವಾಗ ಯಾರೋ ತಮ್ಮ ಒಡೆದ ಕಾರನ್ನೂ ನನ್ನ ಚೀಲಕ್ಕೆ ಹಾಕಿದರು. ಮನೆಗೆ ಬಂದು ಬೀಗ ತೆಗೆದಾಗ, ಇದನ್ನೆಲ್ಲ ಹೇಳಲು ಒಳಗೆ ಯಾರೂ ಇಲ್ಲವಲ್ಲ ಎನಿಸಿತು. ಅದಕ್ಕೇ ಬೆಳಗಾಗುತ್ತಲೇ ಬರೆಯಲು ಕೂತೆ.

ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದೆಗೆಡಬೇಡ. ನನ್ನ ಕೈ ಸದಾ ನಿನ್ನ ತಲೆಯ ಮೇಲಿದೆ ಎಂದುಕೋ.

ನಿನ್ನ
ಅತ್ತೆ

ತಾ.ಕ.: ಅಂಚೆಯ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ನಿನ್ನ ಅಣ್ಣ ಫೋನಿನಲ್ಲಿ ಬಾಯಿತಪ್ಪಿ ಅಂದುಬಿಟ್ಟ. ಅಲ್ಲಿ ಒಬ್ಬರು ನಿನಗೆ ಮೆಚ್ಚುಗೆಯಾಗಿದ್ದಾರಂತೆ, ನನಗೆ ಹೇಗೆ ತಿಳಿಸುವುದೆಂದು ನೀನು ಕರೆ ಮಾಡುವುದನ್ನೇ ಬಿಟ್ಟಿದ್ದೀಯಂತೆ. ಸುಳ್ಳು ಹೇಳುವುದಿಲ್ಲ, ಕೇಳಿದಾಗ ಮಾತು ಮುಗಿಸದೆ ಫೋನಿಟ್ಟುಬಿಟ್ಟೆ. ಆಮೇಲೆ ಮನಸ್ಸು ಸರಿಹೋಯಿತು. ಮದುವೆ ಮಾಡಿಕೊ, ಹುಚ್ಚುಹುಡುಗೀ. ದಿನ ಗೊತ್ತಾದೊಡನೆ ತಿಳಿಸು, ಬರುತ್ತೇನೆ. ಮದುವೆಯಲ್ಲಿ ನಾನು ಯಾರ ಕಡೆಯವಳೆಂದು ನೀನು ತಲೆ ಕೆಡಿಸಿಕೊಳ್ಳಬೇಡ. ಹೆಣ್ಣಿನ ಕಡೆಯವಳಾಗಿ ನಿಲ್ಲುತ್ತೇನೆ.