ಕುದಿಸಿದ ನೀರು, ಕಡೆಯ ಸಾಕ್ಷಿಬಿಲ್ಲೆ

ಕಲ್ಗೆರೆ,
ಶಕೆ ೨೨೩೧, ಬಿಸಿಲುಮಾಸದ ನಲವತ್ತೊಂದನೆಯ ದಿನ

ಮುನ್ನೂರು ವರ್ಷಗಳ ಹಿಂದಿನ ಹಿರಿಯರಿಗೆ ನೀರುಪರೀಕ್ಷಕಿ ಗುರುಬಸವ್ವನ ಶರಣಾರ್ಥಿ. ಬೇಸಿಗೆ ಹಿಗ್ಗಿದ ಮೇಲೆ ನಾವು ಸೇರಿಸಿಕೊಂಡ ಐವತ್ತು ದಿನಗಳ ತಿಂಗಳು ಬಿಸಿಲುಮಾಸ. ನಿಮ್ಮ ಪಂಚಾಂಗದಲ್ಲಿ ಸಿಗದು. ಇಂಥ ಮಾತುಗಳು ಇನ್ನೂ ಬರುತ್ತವೆ, ಸಹಿಸಿಕೊಳ್ಳಿ.

ನಮ್ಮ ಕೆರೆ ವರ್ಷಕ್ಕೆ ಒಂಬತ್ತು ತಿಂಗಳು ಹಸಿರು. ಪಾಚಿಯಂತೆ ಕಾಣುವ ಅದು ಸೈನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿ. ನೀವು ಬಿಟ್ಟ ಗೊಬ್ಬರ, ಚರಂಡಿ ತಿಂದು ಕೊಬ್ಬಿದ್ದು. ಅದರ ವಿಷ ಯಕೃತ್ತನ್ನೇ ಹುಡುಕಿಕೊಂಡು ಹೋಗುತ್ತದೆ. ಆದ್ದರಿಂದ ಪ್ರತಿ ಊರಲ್ಲೂ ಸಾಕ್ಷಿಬಿಲ್ಲೆಗಳಿರುತ್ತವೆ: ಊರಿನವರೊಬ್ಬರು ಕೊಟ್ಟ ಯಕೃತ್ತಿನ ಚೂರಿನ ಜೀವಕೋಶಗಳನ್ನು ಗಾಜಿನ ಬಿಲ್ಲೆಗಳ ಮೇಲೆ ಸಾಕುತ್ತೇವೆ. ಬೆಳಿಗ್ಗೆ ಒಂದರ ಮೇಲೆ ಕೆರೆನೀರು ಹನಿಸುತ್ತೇನೆ. ನೀರು ಒಳ್ಳೆಯದಾದರೆ ಕೋಶಗಳು ಒಂದಕ್ಕೊಂದು ಅಂಟಿಕೊಂಡು ಹರಡಿರುತ್ತವೆ. ವಿಷವಿದ್ದರೆ ಮುದುಡಿ, ಗುಂಡಾಗಿ, ಪಕ್ಕದವನ್ನು ಬಿಟ್ಟು ಸಾಯುತ್ತವೆ. ನಮ್ಮೂರಿಗೆ ಚೂರು ಕೊಟ್ಟವರು ನನ್ನ ಗಂಡ ಮಡಿವಾಳೆಪ್ಪ. "ನನ್ನ ಲಿವರ್ ನಿನ್ನ ಕೈಯಾಗ ಐತಿ, ಜ್ವಾಕಿ" ಎಂದು ನಾಲ್ಕು ಜನರ ಮುಂದೆ ನನ್ನನ್ನು ಕಾಡಿಸುತ್ತಿದ್ದರು.

ಬಿಲ್ಲೆ ಕೊಳೆಯಾಗಬಾರದೆಂದು ನೀರನ್ನು ಸೋಸಿಯೇ ಹನಿಸುವುದು ನಮ್ಮ ಪದ್ಧತಿ. ಮನೆಗಳಲ್ಲಾದರೆ ಮೊದಲು ಕುದಿಸಿ, ಆರಿಸಿ, ಆಮೇಲೆ ಸೋಸುತ್ತಾರೆ. ಈ ಹಿಂದುಮುಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಈ ಸಲ ವಿಷವೆಲ್ಲ ಆ ಜೀವಿಯ ಒಳಗೇ ಇತ್ತು. ನಾನು ಅದನ್ನು ಸೋಸಿ ಚೆಲ್ಲಿ, ನೀರು ಕುಡಿಯಬಹುದೆಂದು ಊರ ಹಲಗೆಯ ಮೇಲೆ ಬರೆದೆ. ಮನೆಯ ಹಂಡೆಗಳಲ್ಲಿ ಆ ಜೀವಿ ಕುದಿದು ಒಡೆಯಿತು, ವಿಷ ನೀರಿಗೆ ಬಂತು. ಎಷ್ಟು ಕುದಿಸಿದರೂ ಆ ವಿಷ ಹೋಗುವುದಿಲ್ಲ. ಹದಿನೇಳು ಮಂದಿ ಹಾಸಿಗೆ ಹಿಡಿದರು. ಮಡಿವಾಳೆಪ್ಪನವರ ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿತು. ಅವರು ತೀರಿಕೊಂಡು ಇಂದಿಗೆ ಹನ್ನೊಂದು ದಿನ. ತಪ್ಪು ನನ್ನದು.

ಊರು ಇದನ್ನು ನಂಬುತ್ತಿಲ್ಲ. "ಕುದಿಸಿದ ನೀರಿಗೆ ಎಂಥಾ ದೋಷ ಬಂತವ್ವಾ?" ಎನ್ನುತ್ತ ನನ್ನ ಅತ್ತೆಯೇ ನಿನ್ನೆಯೂ ಹಂಡೆ ಒಲೆಗೇರಿಸಿದರು. ಕುದಿಸಿದ ನೀರನ್ನೇ ಬಿಲ್ಲೆಯ ಮೇಲೆ ಹನಿಸಿ ತೋರಿಸಬೇಕು; ಕಣ್ಣಾರೆ ಕಂಡರೆ ಮಾತ್ರ ಸೋಸದೆ ಕುದಿಸುವುದನ್ನು ಬಿಡುತ್ತಾರೆ. ಮಿಕ್ಕವು ದಿನದ ಪರೀಕ್ಷೆಗೆ ಖರ್ಚಾಗಿ ಉಳಿದಿರುವುದು ಒಂದೇ ಬಿಲ್ಲೆ. ಬೇರೆಯವರ ಚೂರಿನಿಂದ ಹೊಸದು ಬೆಳೆಯಲು ಎರಡು ತಿಂಗಳು ಬೇಕು, ಅಷ್ಟು ದಿನವೂ ಊರು ಈ ಕುದಿಸಿದ ನೀರನ್ನೇ ಕುಡಿಯುತ್ತಿರುತ್ತದೆ. ನನ್ನ ಗಂಡನ ಜೀವ ಇನ್ನೂ ಉಳಿದಿರುವುದು ಆ ಬಿಲ್ಲೆಯ ಮೇಲಷ್ಟೇ. ಅದನ್ನು ಕೊಡಲು ನನಗೆ ಮನಸ್ಸಿಲ್ಲ, ಕೊಡುತ್ತಿದ್ದೇನೆ.

ನಿಮ್ಮಲ್ಲಿ ಕೇಳುವುದಿಷ್ಟೇ. ಕೆರೆಗೆ ಚರಂಡಿ ಬಿಡಬೇಡಿ. ಹಸಿರುಗಟ್ಟಿದ ನೀರನ್ನು ಕುದಿಸಿದೆವೆಂಬ ಧೈರ್ಯದಲ್ಲಿ ಕುಡಿಯಬೇಡಿ.

ನಮ್ಮೂರ ಹಿರಿಯರು ಬಿಲ್ಲೆ ನೋಡಲು ಬಂದು ಕೂತಿದ್ದಾರೆ, ಪತ್ರ ನಿಲ್ಲಿಸಬೇಕು. ಅತ್ತೆ ತಮ್ಮ ಹಂಡೆಯ ನೀರನ್ನೇ ತಂದಿದ್ದಾರೆ, ಮೊದಲ ಹನಿ ತಾವೇ ಹಾಕುತ್ತಾರಂತೆ. ಬಿಲ್ಲೆಯ ಮೇಲಿರುವ ಮಗನಿಗೆ ಏನೂ ಆಗುವುದಿಲ್ಲವೆಂದು ಅವರ ನಂಬಿಕೆ.