ನನ್ನ ರೋಗ ಸಾಲದಂತೆ

ಬೆಂಗಳೂರು, ಸೋಮವಾರ

ತದಡಿಯ ಅಕ್ಕನಿಗೆ ತಂಗಿ ನಾಗಿಯ ನಮಸ್ಕಾರ.

ಆಸ್ಪತ್ರೆಗೆ ಬಂದು ಮುಟ್ಟಿದೆ. ಸೋರಿಯಾಸಿಸ್‌ನಿಂದ ಗಂಟುನೋವು ಬಂದವರಿಗೆ ಇಲ್ಲಿ ಹೊಸ ಇಂಜೆಕ್ಷನ್ ಕೊಟ್ಟು ಪರೀಕ್ಷೆ ಮಾಡುತ್ತಾರೆ ಎಂದಿದ್ದೆನಲ್ಲ, ಅದಕ್ಕೆ ಸೇರಿಸಿಕೊಳ್ಳುವ ಮೊದಲು ರೋಗ ಎಷ್ಟಿದೆ ಎಂದು ಅಳೆಯುತ್ತಾರಂತೆ. ನಿನ್ನ ಮಗಳು ಧನ್ಯಾಳ ಪ್ರಾಯದ ಡಾಕ್ಟರಮ್ಮ ನನ್ನ ಅರವತ್ತೆಂಟು ಗಂಟುಗಳನ್ನು ಒಂದೊಂದಾಗಿ ಹೆಬ್ಬೆರಳಲ್ಲಿ ಒತ್ತಿದಳು, ಕುಮಟೆಯ ಮಾರ್ಕೆಟ್ಟಿನಲ್ಲಿ ಗಿರಾಕಿಗಳು ನನ್ನ ಬಂಗಡೆ ಒತ್ತಿ ನೋಡುವ ಹಾಗೆಯೇ. "ಇಲ್ಲಿ ನೋವಿದೆಯಾ?" ಎಂದಾಗಲೆಲ್ಲ ಮೂವತ್ತು ವರ್ಷ ಮೀನು ಮಾರಿದ ಬಾಯಿ ಸುಮ್ಮನಿರುತ್ತದೆಯೇ? "ಎಂತದೂ ಇಲ್ಲ ಅಮ್ಮಾ, ಗಟ್ಟಿ ಅದೆ" ಎಂದೆ. ಒತ್ತಿ ನೋಡುವವರ ಮುಂದೆ ತನ್ನ ಮಾಲು ಕೆಟ್ಟಿದೆ ಎಂದು ಯಾರಾದರೂ ಹೇಳುತ್ತಾರೆಯೇ? ಬಸ್ಸಿಗೆಂದು ನೀನು ಕೊಟ್ಟ ಎರಡು ನೋವಿನ ಮಾತ್ರೆಯೂ ಹೊಟ್ಟೆಯಲ್ಲಿತ್ತು.

ಊತ ನಾಲ್ಕು ಕಡೆ, ನೋವು ಸೊನ್ನೆ ಎಂದು ಬರೆದುಕೊಂಡು, "ನಿಮ್ಮ ರೋಗ ನಮಗೆ ಸಾಲುವುದಿಲ್ಲ" ಎಂದಳು. ಬೆರಳು ಸೊಟ್ಟಗಾಗಿ ಬುಟ್ಟಿ ಎತ್ತಲಾಗದವಳ ರೋಗ ಸಾಲದಂತೆ! ಇನ್ನೆಷ್ಟು ತೂಗಬೇಕಿತ್ತೋ ಇವರಿಗೆ. ನನ್ನ ಬಾಯಿಯ ಅಭ್ಯಾಸವನ್ನು ಬಿಡಿಸಿ ಹೇಳಿದ ಮೇಲೆ ನಕ್ಕು, ಗುರುವಾರ ಮತ್ತೊಮ್ಮೆ ಒತ್ತಿ ನೋಡಲು ಒಪ್ಪಿದ್ದಾಳೆ.

ಊಟಕ್ಕೆ ತೊಂದರೆಯಿಲ್ಲ, ಸಾರಿಗೆ ಉಪ್ಪೊಂದಿಲ್ಲ. ಬೆರಳು ಬಿಗಿಯುತ್ತಿದೆ, ಅಕ್ಷರ ನೋಡಿದರೇ ಗೊತ್ತಾದೀತು. ಉಳಿದ ಮಾತ್ರೆಗಳನ್ನು ಚೀಲದ ತಳಕ್ಕೆ ತುರುಕಿಟ್ಟಿದ್ದೇನೆ, ಮುಟ್ಟುವುದಿಲ್ಲ. ಗುರುವಾರದವರೆಗೆ ನೋವು ತಾಜಾ ಇರಬೇಕು.

ನಾಗಿ