ಹನ್ನೊಂದು ಸಾಲು

ಊರಿನಿಂದ
ಜೂನ್ 11, ಬುಧವಾರ, ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಊಟ ಸೇರುತ್ತಿದೆಯಾ? ಮಾವನ ಮರಗೆಲಸದ ಅಂಗಡಿಯ ಮೇಲಿನ ಕೋಣೆಯಲ್ಲಿ ಹೊಟ್ಟಿನ ಧೂಳು ಜಾಸ್ತಿ, ನಿನಗೋ ಹುಟ್ಟಿದಾಗಿನಿಂದ ಉಬ್ಬಸ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗು. ನೀನು ಅಲ್ಲಿದ್ದೀಯ ಎಂದು ನನಗೆ ಯಾರೂ ಚಾಡಿ ಹೇಳಲಿಲ್ಲ, ಸುಮ್ಮನೆ ಮಾವನ ಮೇಲೆ ಎಗರಾಡಬೇಡ. ಆರನೇ ವಯಸ್ಸಿನಲ್ಲಿ ಪಕ್ಕದ ಮನೆಯವನ ತಲೆ ಒಡೆದಾಗಲೂ ನೀನು ಓಡಿದ್ದು ಅಲ್ಲಿಗೇ. ಇಪ್ಪತ್ತಾರು ತುಂಬಿದರೂ ಅಡಗುವ ಜಾಗ ಬದಲಾಗಲಿಲ್ಲವಲ್ಲ ಪುಣ್ಯಾತ್ಮ. ಒಂದು ವಾರದಿಂದ ಫೋನ್ ಆಫ್ ಮಾಡಿಕೊಂಡು ಕೂತಿದ್ದೀಯ, ಅದಕ್ಕೇ ಕಾಗದ ಬರೆಯಬೇಕಾಯಿತು.

ಅಮ್ಮ ಚೆನ್ನಾಗಿದ್ದಾಳೆ. ಅಂದರೆ ಮಂಡಿ ನೋವು, ಬಾಯಿ ಜೋರು ಎರಡೂ ಹಾಗೇ ಇವೆ. ಕೇಳಿದವರಿಗೆಲ್ಲ ಮಗ ಬಸ್ ಡಿಪೋ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಾನೆ ಎನ್ನುತ್ತಾಳೆ. ನನ್ನೊಬ್ಬಳ ಎದುರು ಮಾತ್ರ, "ಅವನು ಮಾಡಿದ್ದು ಸರೀನೇ. ಸತ್ತ ಹುಡುಗನ್ನ ಪುಂಡ ಅಂದ್ರೆ ಕೈ ಮುರೀದೆ ಮುತ್ತು ಕೊಡ್ತಾರಾ?" ಎನ್ನುತ್ತಾಳೆ. ಹೆತ್ತ ಕರುಳು, ಏನು ಹೇಳುವುದು. ಅವಳನ್ನು ತಿದ್ದುವ ಯೋಗ್ಯತೆ ನನಗಿಲ್ಲ. ಯಾಕಿಲ್ಲ ಎಂದು ಹೇಳುವುದಕ್ಕೇ ಈಗ ಕೂತಿದ್ದೇನೆ. ನಡುವೆ ಸಿಟ್ಟು ಬಂದು ಕಾಗದ ಹರಿಯಬೇಡ. ನನ್ನಾಣೆ, ಕೊನೆಯವರೆಗೆ ಓದು.

ನನ್ನ ಕೆಲಸ ಏನೆಂದು ನೀನು ಯಾವತ್ತೂ ಕೇಳಿದವನಲ್ಲ. ಅಕ್ಕ ಪೇಪರಿನಲ್ಲಿದ್ದಾಳೆ, ಅಷ್ಟೇ. ನಾನು ನೋಡಿಕೊಳ್ಳುವುದು ಓದುಗರ ಪುಟ. ಚುನಾವಣೆ, ಸಂಗೀತ, ಸಂಸ್ಕೃತಿ, ಚರಂಡಿ, ನಮ್ಮ ಊರಿನವರಿಗೆ ಅಭಿಪ್ರಾಯವಿಲ್ಲದ ವಿಷಯವೇ ಇಲ್ಲ. ದಿನಕ್ಕೆ ಮೂವತ್ತು ನಲವತ್ತು ಪತ್ರ ಬರುತ್ತವೆ, ಆರೋ ಏಳೋ ಅಚ್ಚಾಗುತ್ತವೆ. ಆ ಪುಟಕ್ಕೆ ಎರಡು ಕಟ್ಟುಪಾಡು. ಕಳ್ಳ ಹೆಸರಿನಲ್ಲಿ ಬರೆಯುವವರನ್ನು ತಡೆಯಲು ಪತ್ರದ ಕೆಳಗೆ ಹೆಸರಿನ ಜೊತೆ ಬೀದಿ, ಮನೆ ನಂಬರು ಎಲ್ಲ ಹಾಕಬೇಕು. ಹಟ ಹಿಡಿದು ಅದನ್ನು ಜಾರಿಗೆ ತಂದವಳು ನಾನೇ. ಇನ್ನೊಂದು, ಜಾಗ ಸಾಲದಿದ್ದರೆ ಪತ್ರವನ್ನು ಬುಡದಿಂದ ಕತ್ತರಿಸಬೇಕು. ಹೇಳಬೇಕಾದದ್ದನ್ನು ಜನ ಮೊದಲೇ ಹೇಳಿರುತ್ತಾರೆ, ಕೊನೆಯಲ್ಲಿರುವುದು ಬರೀ ಬಾಲ ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು.

ಪಿಟೀಲು ರಿಪೇರಿಯ ಮುದುಕರು ಹದಿನೇಳು ವರ್ಷದಿಂದ ವಾರಕ್ಕೊಂದು ಪತ್ರ ಬರೆಯುತ್ತಿದ್ದರು. ನೀಲಿ ಶಾಯಿ, ಅಳತೆಗೋಲು ಇಟ್ಟು ಬರೆದಂಥ ಸಾಲುಗಳು. ಮುಖ ನೋಡಿರಲಿಲ್ಲ, ಆದರೆ ಅವರ ಅಕ್ಷರವನ್ನು ಕತ್ತಲೆಯಲ್ಲಿ ಕೊಟ್ಟರೂ ಗುರುತಿಸುತ್ತಿದ್ದೆ. ಅವರಿಗೊಂದು ಚಾಳಿ ಇತ್ತು. ಮೊದಲರ್ಧದಲ್ಲಿ ಎದುರಾಳಿಯ ವಾದವನ್ನು ತಮ್ಮದೇ ಎಂಬಂತೆ, ಎದುರಾಳಿಗಿಂತ ಜೋರಾಗಿ ಬರೆಯುವುದು. ಓದಿದವನಿಗೆ ಮೈ ಉರಿಯಬೇಕು. ಆಮೇಲೆ ದ್ವಿತೀಯಾರ್ಧದಲ್ಲಿ "ಹೀಗೆ ಕೇಳುವ ಮಹನೀಯರಿಗೆ" ಎಂದು ಶುರುಮಾಡಿ ಆ ವಾದದ ಬೆನ್ನುಮೂಳೆ ಮುರಿಯುವುದು. ಈ ಚಾಳಿ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿತ್ತು ಎನ್ನುವುದನ್ನು ನೆನಪಿಟ್ಟುಕೋ.

ಹಾಡಿನ ಗಲಾಟೆ ನಿನಗೆ ನಾನು ಹೇಳಬೇಕಾಗಿಲ್ಲ. ಹೋದ ವರ್ಷ ಪುರಸಭೆಯ ಮುಂದೆ ಪೊಲೀಸರ ಗುಂಡಿಗೆ ಸತ್ತ ಮೂವರ ಮೇಲೆ ಕಟ್ಟಿದ ಹಾಡು. ಆ ಮೂವರಲ್ಲಿ ನಿನ್ನ ಗೆಳೆಯ ಗುಂಗುರು ಒಬ್ಬ. ಅವನ ಹೊಟ್ಟೆಯಿಂದ ಹೊರಬಂದದ್ದನ್ನು ನಿನ್ನ ಅಂಗಿಯಲ್ಲಿ ಒತ್ತಿ ಹಿಡಿದು ರಸ್ತೆಯಲ್ಲಿ ಕೂತವನು ನೀನು. ಪುರಭವನದಲ್ಲಿ ಯಾವ ಸಂಗೀತ ಕಚೇರಿ ನಡೆದರೂ ಆ ಹಾಡಿನಿಂದ ಶುರುವಾಗಲಿ ಎಂದು ಅರ್ಧ ಊರು, ಕೂಡದು ಎಂದು ಇನ್ನರ್ಧ ಊರು. ನನ್ನ ಮೇಜಿನ ಮೇಲೆ ಪತ್ರಗಳ ರಾಶಿ. ಹೋದ ವಾರ ಮಂಗಳವಾರ ಮುದುಕರದ್ದೂ ಬಂತು. ಪುಟ ಕಟ್ಟಿ ಮುಗಿಸಿ ಚಪ್ಪಲಿ ಮೆಟ್ಟಿಕೊಳ್ಳುವ ಹೊತ್ತಿಗೆ ಹಾಸಿಗೆ ಅಂಗಡಿಯವನ ಜಾಹೀರಾತು ಓಡೋಡಿ ಬಂತು. ಹನ್ನೊಂದು ಸಾಲು ಹೆಚ್ಚಾಯಿತು. ಅವರ ಪತ್ರ ಪುಟದ ತಳದಲ್ಲಿತ್ತು. ಕೈ ತಾನಾಗಿಯೇ ಬುಡದಿಂದ ಹನ್ನೊಂದು ಸಾಲು ಕತ್ತರಿಸಿತು. ಮತ್ತೊಮ್ಮೆ ಓದಿದ್ದರೆ ಅರ್ಧ ನಿಮಿಷ ಆಗುತ್ತಿತ್ತು. ಬಸ್ಸು ತಪ್ಪುತ್ತದೆ ಎಂದು ಓದಲಿಲ್ಲ.

ಮಾರನೆಯ ಬೆಳಿಗ್ಗೆ ಅಮ್ಮ ದಿನದಂತೆ ನನ್ನ ಪುಟವನ್ನು ಗಟ್ಟಿಯಾಗಿ ಓದಿದಳು. "ಕಲ್ಲು ತೂರಿ ಸತ್ತ ಪುಂಡರಿಗೆ ಹಾಡೇಕೆ? ಬೀದಿಯಲ್ಲಿ ನಾಯಿ ಸತ್ತರೂ ನಾವು ಎದ್ದು ನಿಲ್ಲಬೇಕೆ?" ಅಲ್ಲಿಗೆ ಪತ್ರ ಮುಗಿದಿತ್ತು. ಕೆಳಗೆ ಬೀದಿ, ಮನೆ ನಂಬರು. ನೀನು ಕಾಫಿ ಲೋಟವನ್ನು ಗೋಡೆಗೆ ಬೀಸಿ ಎಸೆದೆ. ಚೂರೊಂದು ನನ್ನ ಕೆನ್ನೆಗೆ ತಾಗಿತು, ಅದನ್ನೂ ನೀನು ನೋಡಲಿಲ್ಲ. "ಇನ್ನೊಂದ್ಸಲ ನಂಬರ್ ಓದಮ್ಮ" ಎಂದೆ. ಅಮ್ಮ ಓದಿದಳು. ತಮ್ಮಾ, ಆ ಕ್ಷಣದಲ್ಲಿ ನನಗೆ ಎಲ್ಲ ಹೊಳೆದುಹೋಯಿತು. ಏನು ಕತ್ತರಿಸಿದ್ದೇನೆ ಎಂದು ಗೊತ್ತಾಯಿತು. "ಇದು ಪೂರ್ತಿ ಪತ್ರ ಅಲ್ಲ ಕಣೋ" ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಮ್ಮನ ಎದುರು, ನಿನ್ನ ಎದುರು ಕೆಲಸ ಬಾರದವಳು ಅನ್ನಿಸಿಕೊಳ್ಳಬೇಕಲ್ಲ ಎಂದು ಬಾಯಿಗೆ ಬೀಗ ಹಾಕಿಕೊಂಡೆ. ಕೆನ್ನೆ ಒರೆಸಿಕೊಂಡು ಆಫೀಸಿಗೆ ಹೋದೆ. ನಾಳೆ ತಿದ್ದುಪಡಿ ಹಾಕಿದರಾಯಿತು ಎಂದುಕೊಂಡೆ. ನಿನಗೆ ನಾಳೆಯವರೆಗೆ ತಡೆಯುವ ಸ್ವಭಾವ ಯಾವಾಗ ಇತ್ತು?

ಸಂಜೆ ಐವರು ಮುದುಕರ ಮನೆಗೆ ಹೋದಿರಿ. ಅಲ್ಲಿ ನಡೆದದ್ದು ನಿನಗೆ ನನಗಿಂತ ಚೆನ್ನಾಗಿ ಗೊತ್ತು, ಆದರೂ ಬರೆಯುತ್ತೇನೆ, ನಿನ್ನ ಕಣ್ಣಿನಿಂದಲ್ಲ, ಅವರ ಹೆಂಡತಿಯ ಕಣ್ಣಿನಿಂದ ಒಮ್ಮೆ ನೋಡು. ಕೈಯಲ್ಲಿ ಅಂಟಿನ ಕುಂಚ ಹಿಡಿದೇ ಮುದುಕರು ಬಾಗಿಲು ತೆಗೆದರು. ಗಿರಾಕಿಗಳು ಎಂದುಕೊಂಡು, "ಕಾಲು ಒರೆಸ್ಕೊಂಡು ಬನ್ನಿ, ವಾರ್ನಿಷ್ ಹಸಿ ಇದೆ" ಎಂದರು. ಮೊದಲ ಏಟು ಬಾಯಿಗೆ. ಮುಂದಿನ ನಾಲ್ಕು ಹಲ್ಲು ಒಟ್ಟಿಗೇ ಹೋದವು. ಗೋಡೆಗೆ ತೂಗುಹಾಕಿದ್ದ ಒಂಬತ್ತು ಪಿಟೀಲುಗಳನ್ನು ಒಂದೊಂದಾಗಿ ಅವರ ಬೆನ್ನ ಮೇಲೆ ಒಡೆದಿರಿ. ಪಕ್ಕೆಲುಬು ಮುರಿದ ಸದ್ದು ಯಾವುದು, ಮರ ಮುರಿದ ಸದ್ದು ಯಾವುದು ಎಂದು ತಿಳಿಯಲಿಲ್ಲ ಎಂದು ಮಾರನೆಯ ದಿನ ನಾನು ಅವರ ಮನೆಗೆ ಹೋದಾಗ ಆ ಹೆಂಗಸು ಹೇಳಿದರು. ಆಮೇಲೆ ಬಲಗೈಯನ್ನು ಅವರದೇ ಕೆಲಸದ ಮೇಜಿನ ಕಬ್ಬಿಣದ ಇಕ್ಕಳಕ್ಕೆ, ಮರ ಬಿಗಿದು ಹಿಡಿಯುವ ಆ ದವಡೆಗೆ ಸಿಕ್ಕಿಸಿ ಅದರ ತಿರುಪು ತಿರುಗಿಸಿದಿರಿ. "ಇಬ್ಬರು ಹೆಗಲು ಹಿಡಿದಿದ್ರು. ತಿರುಗಿಸಿದೋನು ಎಡಚ, ಡಿಪೋ ಅಂಗಿ ಹಾಕಿದ್ದ. ಅಳ್ತಾ ತಿರುಗಿಸ್ತಿದ್ದನಮ್ಮ, ಅಳೋದನ್ನೂ ನಿಲ್ಲಿಸ್ಲಿಲ್ಲ, ತಿರುಗಿಸೋದನ್ನೂ ನಿಲ್ಲಿಸ್ಲಿಲ್ಲ" ಎಂದು ಅವರು ನನಗೇ ಹೇಳಿದರು. ನಾನು ಯಾರ ಅಕ್ಕ ಎಂದು ಆಗ ಅವರಿಗೆ ಗೊತ್ತಿರಲಿಲ್ಲ. ಮುದುಕರ ಮೂರು ಬೆರಳು ಉಳಿಯಲಿಲ್ಲ.

ಅಷ್ಟಕ್ಕೂ ಊರು ಸುಮ್ಮನಾಗಲಿಲ್ಲ ನೋಡು. ಮೂರು ದಿನದಲ್ಲಿ ಮುದುಕರ ವಿರುದ್ಧ ನೂರಾ ಹನ್ನೆರಡು ಪತ್ರ. ನಾಲಿಗೆ ಸೀಳಿ, ಮನೆಗೆ ಬೆಂಕಿ ಇಡಿ, ಇನ್ನೊಂದು ಕೈಯನ್ನು ಯಾಕೆ ಬಿಟ್ಟಿರಿ. ನಾವು ಹೋಗುವ ಹಲ್ಲಿನ ಡಾಕ್ಟರು "ಉಳಿದ ಹಲ್ಲುಗಳನ್ನೂ ಉದುರಿಸಬೇಕಿತ್ತು" ಎಂದು ಅಂದವಾದ ಅಕ್ಷರದಲ್ಲಿ ಬರೆದಿದ್ದಾರೆ. ವೃತ್ತಿಧರ್ಮ ಬಿಡದ ಮನುಷ್ಯ. ಪೊಲೀಸರಂತೂ ಜನರನ್ನು ಕೆರಳಿಸಿದರೆಂದು ಮುದುಕರ ಮೇಲೇ ಕೇಸು ಹಾಕಿದರು. ಸಂಪಾದಕರು "ಪತ್ರವನ್ನು ಬಂದ ಹಾಗೆಯೇ ಪ್ರಕಟಿಸಿದ್ದೇವೆ" ಎಂದು ಮೊದಲ ಪುಟದಲ್ಲಿ ಪೆಟ್ಟಿಗೆ ಕಟ್ಟಿ ಹಾಕಿದರು. ಮೂಲ ಪತ್ರಗಳನ್ನು ನಾವು ಒಂದು ತಿಂಗಳು ಕಬ್ಬಿಣದ ಮೊಳೆಗೆ ಚುಚ್ಚಿ ಇಡುತ್ತೇವೆ. ಶನಿವಾರ ಸಂಪಾದಕರು ನನ್ನನ್ನು ಕರೆದು, "ಆ ಮೊಳೆ ಖಾಲಿ ಮಾಡಮ್ಮ, ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ" ಎಂದರು. ನಾನು ಮುದುಕರ ಪತ್ರ ಒಂದನ್ನೇ ಕಿತ್ತು ಚೀಲಕ್ಕೆ ಹಾಕಿಕೊಂಡೆ. ಅವರು ಮುಂಗೈ ಹಿಡಿದು ತಿರುಚಿದರು. ಕಪಾಳಕ್ಕೆ ಬಾರಿಸಿದೆ, ಕನ್ನಡಕ ಹಾರಿ ಬಿತ್ತು. ಆದರೂ ಅವರು ಹಿಡಿತ ಬಿಡಲಿಲ್ಲ, ಕೈ ಕಚ್ಚಿದೆ. ಬಾಯಿಗೆ ರಕ್ತದ ರುಚಿ ಬರುವವರೆಗೂ ಕಚ್ಚಿದೆ, ತಮ್ಮಾ, ಸತ್ಯ ಹೇಳುತ್ತೇನೆ, ಒಂದು ಕ್ಷಣ ಬಿಡುವ ಮನಸ್ಸೇ ಬರಲಿಲ್ಲ. ನಾನೂ ನೀನೂ ಒಂದೇ ಹೊಟ್ಟೆಯಿಂದ ಬಂದವರು ಎಂದು ಅವತ್ತು ಅರ್ಥವಾಯಿತು.

ಭಾನುವಾರ ಮುದುಕರನ್ನು ನೋಡಲು ಆಸ್ಪತ್ರೆಗೆ ಹೋದೆ. ಒಂದು ಕೈಗೆ ಬ್ಯಾಂಡೇಜು, ಇನ್ನೊಂದು ಕೈಗೆ ಮಂಚದ ಸರಳಿಗೆ ಸೇರಿಸಿ ಬೇಡಿ. ಮುಖ ಊದಿ ಕಣ್ಣು ಎಲ್ಲಿದೆ ಎಂದು ಹುಡುಕಬೇಕು. ನಾನು ಯಾರು, ಏನು ಮಾಡಿದೆ ಎಂದು ನಿಂತೇ ಹೇಳಿದೆ. ಉಗಿಯಲಿ, ಶಪಿಸಲಿ ಎಂದು ಕಾಯುತ್ತಿದ್ದೆ. ಹಲ್ಲಿಲ್ಲದ ಬಾಯಿಂದ, "ಎಷ್ಟು ಸಾಲು ಹೆಚ್ಚಾಗಿತ್ತು?" ಎಂದು ಕೇಳಿದರು. ಹನ್ನೊಂದು ಎಂದೆ. "ಒಂದು ಫೋನ್ ಮಾಡಿದ್ರೆ ಮೇಲಿಂದ ನಾನೇ ಕಡಿಮೆ ಮಾಡಿ ಕೊಡ್ತಿದ್ನಲ್ಲಮ್ಮ" ಎಂದರು. ಹದಿನೇಳು ವರ್ಷದಲ್ಲಿ ಒಂದೇ ಒಂದು ಸಲವೂ ನಾನು ಅವರಿಗೆ ಫೋನ್ ಮಾಡಿರಲಿಲ್ಲ.

ಈಗ ಆ ಹನ್ನೊಂದು ಸಾಲು ಓದು. ಒಂದಕ್ಷರವನ್ನೂ ನಾನು ಬದಲಿಸಿಲ್ಲ.

"ಹೀಗೆ ಕೇಳುವ ಮಹನೀಯರಿಗೆ ನಾಚಿಕೆಯಾಗಬೇಕು. ಕಲ್ಲು ತೂರಿದರೋ ಇಲ್ಲವೋ ನಾನು ಕಂಡಿಲ್ಲ. ಕಂಡದ್ದು ಮೂರು ಹೆಣ. ಮೂವರೂ ನಮ್ಮ ಬೀದಿಗಳಲ್ಲಿ ಆಡಿ ಬೆಳೆದವರು. ಮಕ್ಕಳನ್ನು ಕಳೆದುಕೊಂಡ ಮನೆಯವರು ಹಾಡು ಕೇಳುತ್ತಿದ್ದಾರೆ, ಸಿಂಹಾಸನ ಕೇಳುತ್ತಿಲ್ಲ. ಐದು ನಿಮಿಷ ಎದ್ದು ನಿಂತರೆ ಯಾರ ಕಾಲೂ ಸವೆಯುವುದಿಲ್ಲ. ಆ ಹಾಡು ನುಡಿಸಲು ಪುರಭವನದ ವಾದ್ಯಗಾರರಿಗೆ ಹೆದರಿಕೆಯಾದರೆ ನನಗೆ ಹೇಳಿ ಕಳುಹಿಸಿ. ನಾನು ಬಂದು ನುಡಿಸುತ್ತೇನೆ. ಎಪ್ಪತ್ತೊಂದಾಯಿತು, ಆದರೆ ಬೆರಳು ಇನ್ನೂ ಗಟ್ಟಿಯಾಗಿವೆ."

ಗುಂಗುರುವಿಗಾಗಿ ಈ ಊರಿನಲ್ಲಿ ಪಿಟೀಲು ಹಿಡಿಯುತ್ತೇನೆ ಎಂದ ಮನುಷ್ಯ ಒಬ್ಬರೇ ಇದ್ದರು. ಅವರ ಕೈಯನ್ನು ನೀನು ಜಜ್ಜಿದೆ. ಜಜ್ಜಲು ವಿಳಾಸ ಕೊಟ್ಟವಳು ನಾನು, ಓದಿ ಹೇಳಿದವಳು ಅಮ್ಮ. ನಮ್ಮ ಮನೆಯ ಮೂವರೂ ಸೇರಿ ಮಾಡಿದ ಕೆಲಸ. ನಿನ್ನನ್ನು ಹಿಡಿದು ದನಕ್ಕೆ ಬಡಿದ ಹಾಗೆ ಬಡಿಯಬೇಕು ಎನ್ನಿಸುತ್ತದೆ, ಮರುಕ್ಷಣ ನಿನ್ನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅಳಬೇಕು ಎನ್ನಿಸುತ್ತದೆ. ಎರಡೂ ನಿಜ. ಸೋಮವಾರ ಮೂಲ ಪತ್ರವನ್ನು ತೆಗೆದುಕೊಂಡು ಹೋಗಿ ಠಾಣೆಯಲ್ಲಿ ಕೊಟ್ಟೆ. ಕತ್ತರಿಸಿದ್ದು ನಾನು, ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡಿದ್ದು ನಾನು ಎಂದು ಬರೆದು ಸಹಿ ಹಾಕಿದೆ. ನಿನ್ನೆ ಅವರ ಬೇಡಿ ಬಿಚ್ಚಿದರು. ನನ್ನ ಕೆಲಸ ಹೋಯಿತು, ಹೋಗಲಿ. ಇನ್ನು ಯಾರ ಮಾತನ್ನೂ ನಾನು ಕತ್ತರಿಸುವಂತಿಲ್ಲ, ಅದೇ ನೆಮ್ಮದಿ.

ಮಾವನಿಗೆ ನನ್ನ ನಮಸ್ಕಾರ ಹೇಳು. ಅಮ್ಮನ ಚಿಂತೆ ನಿನಗೆ ಬೇಡ, ಅವಳಿಗೆ ಎಲ್ಲವನ್ನೂ ಓದಿ ಹೇಳುತ್ತೇನೆ, ಈ ಸಲ ನಾನು ಓದುತ್ತೇನೆ, ಅವಳು ಕೇಳುತ್ತಾಳೆ. ನೀನು ಎಲ್ಲಿದ್ದರೂ ಉಸಿರು ಸಲೀಸಾಗಿ ಆಡಲಿ, ನಿದ್ದೆ ಬರಲಿ.

ಇಂತು ನಿನ್ನ ಒಬ್ಬಳೇ
ಅಕ್ಕ

ತಾ.ಕ.: ಇದನ್ನು ಬರೆಯುತ್ತಿರುವುದು ಠಾಣೆಯ ಬೆಂಚಿನ ಮೇಲೆ ಕೂತು. ಈ ಕಾಗದ ಅಂಚೆಯಲ್ಲಿ ಬರುವುದಿಲ್ಲ. ನಿನ್ನ ಹೆಸರು, ಮಾವನ ಅಂಗಡಿಯ ವಿಳಾಸ ಎರಡನ್ನೂ ಇವತ್ತು ನಾನೇ ಕೊಟ್ಟೆ. ಗುಂಗುರುವನ್ನು ಕೊಂದವರ ಕೈಗೇ ಅಕ್ಕ ನನ್ನನ್ನು ಒಪ್ಪಿಸಿದಳು ಎನ್ನುತ್ತೀಯ. ಹೌದು, ಒಪ್ಪಿಸಿದೆ. ಬೇರೆ ಯಾರಿದ್ದಾರೆ ಹೇಳು? ಉಳಿದ ನಾಲ್ವರ ಹೆಸರು ನನಗೆ ಗೊತ್ತಿಲ್ಲ, ನೀನೇ ಹೇಳಬೇಕು. ಅವನು ಓದಿ ಮುಗಿಸುವವರೆಗೆ ಬಾಗಿಲು ಒಡೆಯಬೇಡಿ, ಅವನ ಮೈ ಮುಟ್ಟಬೇಡಿ ಎಂದು ಇನ್‌ಸ್ಪೆಕ್ಟರ ಕಾಲು ಹಿಡಿದಿದ್ದೇನೆ. ಕಾಗದವನ್ನು ಬಾಗಿಲ ಸಂದಿಯಲ್ಲಿ ತಳ್ಳಿದವರು ಮೆಟ್ಟಿಲ ಮೇಲೆ ನಿಂತಿದ್ದಾರೆ. ಕಿಟಕಿಯಿಂದ ಹಾರಬೇಡ, ಕೆಳಗೂ ಇಬ್ಬರಿದ್ದಾರೆ, ಬಂದೂಕು ಇದೆ. ಎರಡೂ ಕೈ ಕಾಣುವ ಹಾಗೆ ಮುಂದೆ ಚಾಚು. ಓದಿ ಆಯಿತಲ್ಲ ಕಂದಾ, ಚಿಲಕ ತೆಗೆ.